ಪರೀಕ್ಷೆ ಮುಗೀಲಿ ಅಂದ್ರು

ಪರ್ತಿನಲ್ಲಿ ನವೆಂಬರ್ ಬಂತು ಅಂದ್ರೆ ನಾನು ಆಸ್ಪತ್ರೆ ಕೆಲಸಕ್ಕೆ ಹೋಗೋ ದಾರಿ ಬದಲಾಯಿಸ್ತೀನಿ. ಟ್ರೈನ್ ಸ್ಟೇಷನ್ನಿನಿಂದ ನೇರ ಹೋಗೋ ರಸ್ತೆಯ ಎರಡೂ ಕಡೆ ಜಕರಂದ ಮರಗಳಿವೆ. ಆ ತಿಂಗಳು ಎಲೆ ಕಾಣಲ್ಲ, ಬರೀ ನೇರಳೆ ಹೂವು. ಮೇಲೂ ಅದೇ, ಕೆಳಗೆ ಫುಟ್‌ಪಾತಿನ ಮೇಲೂ ಅದೇ. ಜನ ಕಾರು ನಿಲ್ಲಿಸಿ ಫೋಟೋ ತೆಗೆಸ್ಕೊಳ್ತಾರೆ. ನಾನು ಮಾತ್ರ ಹಿಂದಿನ ಗಲ್ಲಿ ಹಿಡಿದು, ಕಸದ ಡಬ್ಬಗಳ ಪಕ್ಕ ಸುತ್ತು ಹಾಕ್ಕೊಂಡು ಹೋಗ್ತೀನಿ. ಜೊತೆಗೆ ಕೆಲಸ ಮಾಡೋ ಮೈಸೂರಿನ ಹುಡುಗಿ, "ಏನಕ್ಕಾ ನೀವು, ಇಷ್ಟು ಚೆನ್ನಾಗಿರೋ ಹೂವಿನ ಮೇಲೆ ಏನು ದ್ವೇಷ?" ಅಂತ ನಗ್ತಾಳೆ. ಮೊನ್ನೆ ಆ ಗಲ್ಲೀಲಿ ರಸ್ತೆ ಅಗೆದು ದಾರಿ ಮುಚ್ಚಿದ್ರು. ವಿಧಿಯಿಲ್ಲದೆ ಮರಗಳ ಕೆಳಗೇ ನಡೀಬೇಕಾಯ್ತು. ಮಳೆ ಬಂದು ನಿಂತಿತ್ತು. ಒದ್ದೆ ಹೂವು ಕಾಲ ಕೆಳಗೆ ಪಿಚಕ್ ಅಂತ ಜಾರ್ತಿತ್ತು, ಕೊಳೆಯೋ ಹೂವಿನ ಆ ಸಿಹಿ ನಾತ ಮೂಗಿಗೆ ಬಡೀತು. ಬ್ರಿಸ್ಬೇನಿನ ಆ ವರ್ಷ ಪೂರ್ತಿ ಎದ್ದು ಎದುರಿಗೆ ಕೂತ್ಬಿಡ್ತು.

ಆಗ ನಾನು ಬ್ರಿಸ್ಬೇನಿನ ಒಂದು ಕಾಲೇಜಿನಲ್ಲಿ ನರ್ಸಿಂಗ್ ಡಿಪ್ಲೊಮಾ ಓದ್ತಿದ್ದೆ. ಯೂನಿವರ್ಸಿಟಿಗೆ ನೇರ ಸೇರೋಕೆ ನನ್ನ ಪಿಯುಸಿ ಅಂಕ ಸಾಲ್ತಿರಲಿಲ್ಲ. ಹಾಗಾದೋರಿಗೆ ಇಲ್ಲಿ ಇನ್ನೊಂದು ದಾರಿ ಇದೆ. ಮೊದಲು ಕಾಲೇಜಿನಲ್ಲಿ ಡಿಪ್ಲೊಮಾ ಮಾಡೋದು, ಅದು ಪೂರ್ತಿ ಪಾಸಾದ್ರೆ ಯೂನಿವರ್ಸಿಟಿಯವರು ಸೀದಾ ಎರಡನೇ ವರ್ಷಕ್ಕೆ ತಗೊಳ್ತಾರೆ. ನನ್ನನ್ನ ಅಡಿಲೇಡಿನ ಒಂದು ಯೂನಿವರ್ಸಿಟಿ ತಗೊಳ್ತೀವಿ ಅಂದಿತ್ತು. ಆದರೆ ಆ ಟರ್ಮಿನೊಳಗೆ ಎಲ್ಲ ಮುಗಿಸಿರಬೇಕು ಅನ್ನೋ ಷರತ್ತು. ಎಲ್ಲ ಮುಗಿದಿತ್ತು, ಒಂದು ಪರೀಕ್ಷೆ ಬಿಟ್ಟು. ಔಷಧಿ ಲೆಕ್ಕದ ಪರೀಕ್ಷೆ ಅದು. ಡಾಕ್ಟರು ಬರೆದ ಡೋಸ್ ಇಷ್ಟು, ಬಾಟಲಿಯಲ್ಲಿರೋ ಔಷಧಿ ಇಷ್ಟು ಗಟ್ಟಿ, ಹಾಗಾದ್ರೆ ಸಿರಿಂಜಿಗೆ ಎಷ್ಟು ಎಳೀತೀಯ, ಡ್ರಿಪ್ಪಲ್ಲಿ ನಿಮಿಷಕ್ಕೆ ಎಷ್ಟು ಹನಿ ಬಿಡ್ತೀಯ, ಇಂಥ ಪ್ರಶ್ನೆಗಳು. ಇದರಲ್ಲಿ ಮೂವತ್ತೈದಕ್ಕೆ ಪಾಸು ಅನ್ನೋ ಮಾತೇ ಇಲ್ಲ. ಒಂದು ತಪ್ಪಾದ್ರೂ ಫೇಲು. ಯಾಕೆ ಅಂದ್ರೆ ಆ ಒಂದು ತಪ್ಪಿಗೆ ಯಾರೋ ಒಬ್ಬರ ಪ್ರಾಣ ಹೋಗುತ್ತೆ ಅನ್ನೋರು ನಮ್ಮ ಮೇಡಂ ಗ್ಲೆನಿಸ್. ಮೇಡಂ ಅಂತ ನಾನು ಕರೀತಿದ್ದೆ, ಅವರು "ಗ್ಲೆನಿಸ್ ಅನ್ನು ಸಾಕು" ಅಂತ ಗದರೋರು. ನನ್ನ ಬಾಯಿ ತಿರುಗ್ತಿರಲಿಲ್ಲ.

ನಾನಿದ್ದದ್ದು ರನ್‌ಕಾರ್ನ್ ಅನ್ನೋ ಬಡಾವಣೆಯಲ್ಲಿ, ಒಂದು ಹಳೇ ಮನೆಯ ಹಿಂಬದಿ ರೂಮಿನಲ್ಲಿ. ಜೊತೆಗೆ ಶಬಾನಾ. ಭದ್ರಾವತಿಯವಳು, ಅದೇ ಕಾಲೇಜಲ್ಲಿ ಮಕ್ಕಳ ಆರೈಕೆ ಕೋರ್ಸ್ ಮಾಡ್ತಿದ್ದಳು. ಬೆಳಿಗ್ಗೆ ಟ್ರೈನ್ ಹಿಡಿದು ಕಾಲೇಜು, ಸಂಜೆ ವಾಪಸು, ವಾರಾಂತ್ಯ ವೃದ್ಧಾಶ್ರಮದಲ್ಲಿ ಕೆಲಸ. ಅಜ್ಜ ಅಜ್ಜಿಯರನ್ನ ಎಬ್ಬಿಸಿ, ಸ್ನಾನ ಮಾಡಿಸಿ, ಟೀ ಕುಡಿಸಿ ಬಂದ್ರೆ ಸೊಂಟ ಅನ್ನೋದು ನಂದಲ್ಲ ಅನ್ನಿಸೋದು. ಅಕ್ಟೋಬರ್ ಮುಗೀತಾ ಬಂದ ಹಾಗೆ ಬ್ರಿಸ್ಬೇನಿನಲ್ಲಿ ಸೆಕೆ ಶುರು. ಹಗಲೆಲ್ಲ ಉಸಿರು ಕಟ್ಟೋ ಹಾಗೆ ಬೇಯೋದು, ಮಧ್ಯಾಹ್ನ ದಾಟಿದ ಮೇಲೆ ಪಶ್ಚಿಮಕ್ಕೆ ಕಪ್ಪು ಮೋಡ ಎದ್ದು, ಗುಡುಗಿ, ಆಲಿಕಲ್ಲು ಸುರಿದು, ಒಂದು ಗಂಟೆಯಲ್ಲಿ ಏನೂ ಆಗದ ಹಾಗೆ ಬಿಸಿಲು. ಅದೇ ಹೊತ್ತಿಗೆ ಜಕರಂದ. ಆ ಹೂ ಬಿಟ್ಟಿತು ಅಂದ್ರೆ ಪರೀಕ್ಷೆ ಬಂತು ಅಂತ ಅಲ್ಲಿನ ಹುಡುಗರ ಲೆಕ್ಕ. ತಲೆ ಮೇಲೆ ಹೂ ಬಿದ್ರೆ ಫೇಲು ಅಂತ ಬೇರೆ ಒಂದು ಕಥೆ. ಒಂದಿನ ಸ್ಟೇಷನ್ ಹತ್ರ ನನ್ನ ತಲೆ ಮೇಲೆ ಬಿತ್ತು. ಶಬಾನಾ ಬಿದ್ದು ಬಿದ್ದು ನಕ್ಕಳು. "ಮುಗೀತು ಕಣೇ ನಿನ್ನ ಕಥೆ, ವಾಪಸ್ ಹೋಗಿ ಊರಲ್ಲಿ ಕೊಬ್ಬರಿ ಸುಲಿ" ಅಂದಳು.

ನಮ್ಮೂರು ತಿಪಟೂರು. ಕೊಬ್ಬರಿಗೆ ಹೆಸರಾದ ಊರು, ಆದರೆ ನಮ್ಮಪ್ಪನಿಗೂ ಕೊಬ್ಬರಿಗೂ ಸಂಬಂಧ ಇರಲಿಲ್ಲ. ಅವರದ್ದು ಟೈಪಿಂಗ್ ಇನ್‌ಸ್ಟಿಟ್ಯೂಟ್. ಊರಲ್ಲಿ ಅರ್ಧ ಜನಕ್ಕೆ ಅವರು ಟೈಪಿಂಗ್ ಮೇಷ್ಟ್ರು. ಕಂಪ್ಯೂಟರ್ ಬಂದು ಟೈಪಿಂಗ್ ಮಿಷಿನ್ನುಗಳೆಲ್ಲ ಮೂಲೆ ಸೇರಿದ ಮೇಲೆ ಅದೇ ಜಾಗದಲ್ಲಿ ಜೆರಾಕ್ಸ್ ಅಂಗಡಿ ಮಾಡ್ಕೊಂಡ್ರು, ಆದರೂ ಹೆಸರು ಮೇಷ್ಟ್ರೇ. ಜೂನಿಯರ್, ಸೀನಿಯರ್ ಅಂತ ಎಷ್ಟೋ ಜನರನ್ನ ಪರೀಕ್ಷೆಗೆ ಕೂರಿಸಿದ ಮನುಷ್ಯ. ಪರೀಕ್ಷೆ ಅಂದ್ರೆ ನಮ್ಮನೇಲಿ ಮಡಿ ಇದ್ದ ಹಾಗೆ. ಆ ದಿನಗಳಲ್ಲಿ ಟಿವಿ ಇಲ್ಲ, ನೆಂಟರಿಲ್ಲ, ಜೋರು ಮಾತಿಲ್ಲ, ಕೆಟ್ಟ ಸುದ್ದಿಯಂತೂ ಮನೆಯೊಳಗೆ ಕಾಲಿಡೋ ಹಾಗೇ ಇಲ್ಲ. ನನ್ನ ಪಿಯುಸಿ ಪರೀಕ್ಷೆ ಹೊತ್ತಲ್ಲಿ ಅಜ್ಜಿ ಬಿದ್ದು ಆಸ್ಪತ್ರೆ ಸೇರಿದ್ರು. ನನಗೆ ಹೇಳಿದ್ದು ಕೊನೇ ಪೇಪರ್ ಬರೆದು ಬಂದ ಮೇಲೆ. ಅಷ್ಟೊತ್ತಿಗೆ ಅಜ್ಜಿ ಮನೆಗೆ ಬಂದು ಎಲೆ ಅಡಿಕೆ ಹಾಕ್ಕೊಂಡು ಕೂತಿದ್ರು. "ಹೇಳಿದ್ರೆ ನೀನೇನು ಡಾಕ್ಟರಾ?" ಅಂತ ಎಲ್ಲರೂ ನಕ್ಕರು, ನಾನೂ ನಕ್ಕೆ. ಅವತ್ತು ನಗಬಾರದಿತ್ತು ಅಂತ ಈಗ ಅನ್ನಿಸುತ್ತೆ.

ಊರಿಗೆ ದಿನಾ ಫೋನ್ ಮಾಡ್ತಿದ್ದೆ. ನಾನು ರಾತ್ರಿ ಊಟ ಮುಗಿಸೋ ಹೊತ್ತಿಗೆ ಅಲ್ಲಿ ಸಂಜೆ ಕಾಫಿ ಸಮಯ. ಅಪ್ಪ ಆಗ ಅಂಗಡೀಲಿ ಇರ್ತಿದ್ರು, ಹಾಗಾಗಿ ವಾರದ ದಿನ ಮಾತೆಲ್ಲ ಅಮ್ಮನ ಹತ್ರಾನೇ. ಅಪ್ಪ ಸಿಗ್ತಿದ್ದದ್ದು ಭಾನುವಾರ, ವಿಡಿಯೋ ಕಾಲಲ್ಲಿ. ಫೋನನ್ನ ಮೂಗಿಗೆ ಅಂಟಿಸ್ಕೊಂಡು ಮಾತಾಡೋರು, ನನಗೆ ಕಾಣ್ತಿದ್ದದ್ದು ಒಂದು ಕಣ್ಣು, ಅರ್ಧ ಮೀಸೆ. ಲೆಕ್ಕದ ಪರೀಕ್ಷೆ ಅಂದ್ರೆ ಹೆದರಿಕೆ ಆಗ್ತಿದೆ ಅಂತ ಹೇಳಿದಾಗ, "ಗಡಿಯಾರ ನೋಡಬೇಡ, ಹಾಳೆ ನೋಡು. ಸ್ಪೀಡ್ ತಾನಾಗೇ ಬರುತ್ತೆ" ಅಂದಿದ್ರು. ಟೈಪಿಂಗ್ ಕಲಿಯೋರಿಗೆ ಹೇಳೋ ಮಾತನ್ನೇ ನನಗೂ ಹೇಳಿದ್ರು. ಅದೇ ಅವರು ನನ್ನ ಹತ್ರ ಆಡಿದ ಕಡೇ ಮಾತು.

ಆ ವಾರದ ಗುರುವಾರ ಬೆಳಿಗ್ಗೆ ನಮ್ಮಪ್ಪ ಅಂಗಡಿ ಬಾಗಿಲು ತೆಗೆಯೋಕೆ ಬಗ್ಗಿದವರು ಅಲ್ಲೇ ಕುಸಿದು ಬಿದ್ರು. ಆಸ್ಪತ್ರೆಗೆ ಹೋಗೋ ದಾರೀಲೇ ಹೋಗ್ಬಿಟ್ಟಿದ್ರು. ನನಗೆ ಇದು ಗೊತ್ತಾಗಲಿಲ್ಲ. ಗೊತ್ತಾಗದ ಹಾಗೆ ನೋಡ್ಕೊಂಡ್ರು. ಪರೀಕ್ಷೆ ಮುಗೀಲಿ, ಆಮೇಲೆ ಹೇಳೋಣ ಅಂತ ಚಿಕ್ಕಪ್ಪ ಅವತ್ತೇ ತೀರ್ಮಾನ ಮಾಡಿದ್ರಂತೆ. ಪರೀಕ್ಷೆಗೆ ಇನ್ನೂ ಹನ್ನೊಂದು ದಿನ ಇತ್ತು, ಮುಂದಿನ ವಾರವನ್ನೂ ದಾಟಿ ಸೋಮವಾರ.

ಹೇಗೆ ನಡೆಸಿದ್ರು ಅಂತ ಈಗ ನೆನೆಸ್ಕೊಂಡ್ರೆ ಮೈ ಉರಿಯುತ್ತೆ. ಮನೆಯವರ ವಾಟ್ಸಾಪ್ ಗುಂಪು ಇದ್ದಕ್ಕಿದ್ದ ಹಾಗೆ ಸುಮ್ಮನಾಯ್ತು. ನನ್ನೊಬ್ಬಳನ್ನ ಬಿಟ್ಟು ಬೇರೆ ಗುಂಪು ಮಾಡ್ಕೊಂಡಿದ್ರು. ಫೇಸ್‌ಬುಕ್ಕಲ್ಲಿ ಯಾರೂ ಅಪ್ಪನ ಫೋಟೋ ಹಾಕಬಾರದು ಅಂತ ಸೋದರ ಸಂಬಂಧಿಗಳಿಗೆಲ್ಲ ಕಟ್ಟಪ್ಪಣೆ. ಬ್ರಿಸ್ಬೇನಿನ ಹೊರವಲಯದ ಸ್ಪ್ರಿಂಗ್‌ಫೀಲ್ಡ್ ಲೇಕ್ಸಿನಲ್ಲಿದ್ದ ವತ್ಸಲಾ ಆಂಟಿಗೆ ಫೋನ್ ಹೋಯ್ತು. ಆಂಟಿ ಮೈಸೂರಿನವರು, ಯುಗಾದಿ ಕಾರ್ಯಕ್ರಮದಲ್ಲಿ ಪರಿಚಯ ಆಗಿ, ಹಬ್ಬಕ್ಕೆಲ್ಲ ಮನೆಗೆ ಕರೆದು ಊಟ ಹಾಕ್ತಿದ್ದೋರು. ಏನಾದ್ರೂ ಆದ್ರೆ ಇರಲಿ ಅಂತ ಅವರ ನಂಬರನ್ನ ಅಮ್ಮನಿಗೆ ನಾನೇ ಕೊಟ್ಟಿದ್ದೆ. ಆಂಟಿಯಿಂದ ಶಬಾನಾಗೆ ಹೋಯ್ತು. ಶಬಾನಾ ಕೈಗೆ ನನ್ನನ್ನ ಒಪ್ಪಿಸಿದ್ರು.

ಪಾಪ, ಅವಳಿಗೆ ನಾಟಕ ಬರ್ತಿರಲಿಲ್ಲ. ಪಾತ್ರೆ ತೊಳೆಯೋ ಸರದಿಗೆ ನನ್ನ ಹತ್ರ ದಿನಾ ಜಗಳ ಆಡೋಳು, ಆ ವಾರ ಒಂದು ಲೋಟ ಮುಟ್ಟಕ್ಕೂ ಬಿಡಲಿಲ್ಲ. ನನ್ನ ಯೂನಿಫಾರಂ ಇಸ್ತ್ರಿ ಮಾಡಿಟ್ಟಳು. ನಮಾಜಿಗೆ ಕೂತೋಳು ಎಷ್ಟು ಹೊತ್ತಾದ್ರೂ ಏಳ್ತಿರಲಿಲ್ಲ. ಎದ್ದಾಗ ಕಣ್ಣು ಕೆಂಪಗಿರೋದು. "ನನ್ನ ಪರೀಕ್ಷೆಗೂ ಸೇರಿಸಿ ಕೇಳ್ಕೊಳ್ಳೇ" ಅಂತ ನಾನು ರೇಗಿಸಿದೆ. "ನಿಂಗೇ ಕೇಳ್ತಿರೋದು ಮಾರಾಯ್ತಿ" ಅಂತ ಹೇಳಿ ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕ್ಕೊಂಡಳು. ಆಂಟಿ ಮನೆಯಿಂದ ಅಂಕಲ್ ಡಬ್ಬಿ ಡಬ್ಬಿ ಊಟ ತಂದು ಕೊಟ್ಟು ಹೋಗ್ತಿದ್ರು. ಅಷ್ಟು ದೂರದಿಂದ ಬಂದೋರು ಒಳಗೆ ಕೂರ್ತಾನೇ ಇರಲಿಲ್ಲ, ನನ್ನ ಮುಖಾನೂ ನೋಡ್ತಿರಲಿಲ್ಲ, "ಚೆನ್ನಾಗಿ ಬರೀಮ್ಮ" ಅಂತ ಹೇಳಿ ಓಡೋರು. ಇಂಡಿಯನ್ ಅಂಗಡೀಲಿ ಬೇಳೆ ತಗೊಳ್ತಿದ್ದಾಗ, ನಮ್ಮ ಕನ್ನಡದ ಹೆಂಗಸರಿಬ್ಬರು ಮಾತು ನಿಲ್ಲಿಸಿ ನನ್ನನ್ನ ನೋಡಿದ್ರು. ಅದರಲ್ಲೊಬ್ಬರು ಬಂದು ಸುಮ್ಮನೆ ಕೆನ್ನೆ ಸವರಿ ಹೋದ್ರು. ಅಬ್ಬಾ, ನನ್ನ ಪರೀಕ್ಷೆ ಬಗ್ಗೆ ಇವರಿಗೆಲ್ಲ ಎಷ್ಟು ಕಾಳಜಿ ಅಂತ ನಾನು ಉಬ್ಬಿ ಹೋದೆ. ಬ್ರಿಸ್ಬೇನಿನ ಕನ್ನಡದವರಿಗೆಲ್ಲ ಗೊತ್ತಿತ್ತು, ಗೊತ್ತಿರಬೇಕಾದ ನನಗೊಬ್ಬಳಿಗೆ ಇಲ್ಲ.

ಅಮ್ಮ ಮಾತ್ರ ಎಂದಿನ ಹಾಗೇ ಮಾತಾಡ್ತಿದ್ದಳು. ಮೊದಲ ಎರಡು ಮೂರು ದಿನ ಗಂಟಲು ಕೂತಿತ್ತು. ಶೀತ ಅಂದಳು. ಸುತ್ತ ಜನರ ಗದ್ದಲ ಕೇಳಿಸ್ತಿತ್ತು. ಪಕ್ಕದ ಮನೆ ಗೃಹಪ್ರವೇಶಕ್ಕೆ ನೆಂಟರು ಬಂದಿದಾರೆ, ನಮ್ಮನೇಲೂ ಇಳಿಸ್ಕೊಂಡಿದೀವಿ ಅಂದಳು. ಆ ಭಾನುವಾರ ಅಪ್ಪನಿಗೆ ಕೊಡು ಅಂದ್ರೆ, ಚಿಕ್ಕಪ್ಪನ ಜೊತೆ ಹಾಸನಕ್ಕೆ ಹೋಗಿದಾರೆ ಅಂದಳು. ನಾನು ನಂಬಿದೆ. ನಂಬದೇ ಇರೋಕೆ ಕಾರಣ ಏನಿತ್ತು? ಅಮ್ಮ ಸುಳ್ಳು ಹೇಳಿದ್ದನ್ನ ನಾನು ಯಾವತ್ತೂ ಕೇಳಿರಲಿಲ್ಲ.

ಪರೀಕ್ಷೆ ಹಿಂದಿನ ದಿನ ಭಾನುವಾರ, ನನಗೆ ತಡೀಲಿಲ್ಲ. ಮಧ್ಯಾಹ್ನಾನೇ ವಿಡಿಯೋ ಕಾಲ್ ಮಾಡಿದೆ. ಅಲ್ಲಿ ಇನ್ನೂ ಬೆಳಿಗ್ಗೆ. ಅಮ್ಮ ಎತ್ತಲಿಲ್ಲ. ಮತ್ತೆ ಮಾಡಿದೆ, ಮತ್ತೆ ಮಾಡಿದೆ. ಸ್ವಲ್ಪ ಹೊತ್ತಾದ ಮೇಲೆ ಅವಳೇ ಮಾಡಿದಳು. ಹಿತ್ತಲ ಬಟ್ಟೆ ಒಗೆಯೋ ಕಲ್ಲಿನ ಹತ್ರ ನಿಂತಿದ್ದಳು. ತಲೆ ಒದ್ದೆ. ಹಣೆ ಮೇಲೆ ಕಾಸಿನಗಲ ಕುಂಕುಮ. ದಿನಾ ಒಂದು ಸಣ್ಣ ಸ್ಟಿಕರ್ ಅಂಟಿಸ್ಕೊಳ್ಳೋಳು ಅವಳು.

"ಏನಮ್ಮ ಇದು, ದೇವಿ ಥರ ಕಾಣ್ತಿದೀಯ! ಏನು ಹಬ್ಬ?"

"ಹಬ್ಬ ಏನಿಲ್ಲ, ಭಾನುವಾರ ಅಲ್ವಾ, ಎಣ್ಣೆ ನೀರು ಹಾಕ್ಕೊಂಡೆ."

"ಆಶೀರ್ವಾದ ಮಾಡು, ನಾಳೆ ಪರೀಕ್ಷೆ. ಅಪ್ಪನನ್ನೂ ಕರಿ."

ಅಮ್ಮ ಫೋನಿನ ಕಡೆ ಕೈ ಎತ್ತಿದಳು. "ನೆಟ್ ಹೋಗ್ತಿದೆ" ಅಂತ ಇಟ್ಟುಬಿಟ್ಟಳು. ನನಗೆ ಅವಳ ಮುಖ ಚೆನ್ನಾಗೇ ಕಾಣ್ತಿತ್ತು, ಒಂದು ಸಲಾನೂ ಅಲುಗಾಡಿರಲಿಲ್ಲ. ಊರಿನ ನೆಟ್ಟು, ಅವಳಿಗೆ ನಾನು ಕಾಣ್ತಿರಲಿಲ್ಲವೇನೋ ಅಂದ್ಕೊಂಡು ಪುಸ್ತಕ ತೆಗೆದೆ.

ಸೋಮವಾರ ಬೆಳಿಗ್ಗೆ ಪರೀಕ್ಷೆ ಬರೆದೆ. ಗಡಿಯಾರ ನೋಡಲಿಲ್ಲ, ಹಾಳೆ ನೋಡಿದೆ. ಗ್ಲೆನಿಸ್ ಮೇಡಂ ನನ್ನೆದುರಿಗೇ ತಿದ್ದಿದ್ರು. ಒಂದೂ ತಪ್ಪಿರಲಿಲ್ಲ. "ಹೋಗು, ಅಡಿಲೇಡಿಗೆ ಗಂಟು ಮೂಟೆ ಕಟ್ಟು" ಅನ್ನೋ ಅರ್ಥದಲ್ಲಿ ಏನೋ ಹೇಳಿ ಬೆನ್ನು ತಟ್ಟಿದ್ರು. ಮೆಟ್ಟಿಲಿಳೀತಾ ಅಪ್ಪನ ಫೋನಿಗೆ ಮೆಸೇಜ್ ಹಾಕಿದೆ, "ಅಪ್ಪಾ, ಫುಲ್ ಮಾರ್ಕ್ಸ್. ನಿಮ್ಮ ಮಗಳು ಯೂನಿವರ್ಸಿಟಿಗೆ ಹೊರಟ್ಳು." ತಕ್ಷಣ ಎರಡು ನೀಲಿ ಗೆರೆ ಬಂತು. ಓದಿದ್ರು, ಉತ್ತರ ಬರಲಿಲ್ಲ. ಖುಷಿಗೆ ಕೈ ಓಡ್ತಿಲ್ಲ ಅಂದ್ಕೊಂಡೆ.

ಕಾಲೇಜಿನ ಹೊರಗೆ ವತ್ಸಲಾ ಆಂಟಿ ಕಾರಿನಲ್ಲಿ ಕಾಯ್ತಿದ್ರು. "ಊಟಕ್ಕೆ ಬಾ, ಬಸ್ಸಾರು ಮಾಡಿದೀನಿ" ಅಂದ್ರು. ಕೆಲಸದ ದಿನ ರಜ ಹಾಕಿ ಬಂದಿದಾರಲ್ಲ ಅಂತ ನನಗೆ ಸಂತೋಷ. ದಾರಿಯುದ್ದಕ್ಕೂ ನಾನೇ ಮಾತಾಡಿದೆ. ಅಡಿಲೇಡಲ್ಲಿ ರೂಮು ಹೇಗೆ ಹುಡುಕೋದು, ಅಲ್ಲಿ ಚಳಿ ಎಷ್ಟಿರುತ್ತೆ, ಅಪ್ಪನನ್ನ ಪದವಿ ಸಮಾರಂಭಕ್ಕೆ ಕರೆಸಬೇಕು, ಅವರಿಗೆ ಒಂದು ಕೋಟು ಹೊಲಿಸಬೇಕು. ಆಂಟಿ ಹೂಂ ಹೂಂ ಅಂತಿದ್ರು. ಸ್ಪ್ರಿಂಗ್‌ಫೀಲ್ಡ್ ಲೇಕ್ಸ್ ಮನೆಗೆ ಹೋದ್ರೆ ಶಬಾನಾನೂ ಅಲ್ಲೇ ಇದ್ದಳು, ಅಡುಗೆಮನೆ ಬಾಗಿಲಿಗೆ ಒರಗಿಕೊಂಡು. "ಏನೇ, ನೀನೂ ಕ್ಲಾಸಿಗೆ ಚಕ್ಕರ್ರಾ?" ಅಂದೆ. ಅವಳು ತಲೆ ಆಡಿಸಿದಳು.

ಸಿಲ್ವರ್‌ಬೀಟ್ ಸೊಪ್ಪು ಬಸಿದು ಮಾಡಿದ ಸಾರು, ಬಿಸಿ ಮುದ್ದೆ. ಎಷ್ಟೋ ತಿಂಗಳಾಗಿತ್ತು ಮುದ್ದೆ ಮುರಿದು. ಒಂದು ಮುಗಿಸಿದೆ, ಆಂಟಿ ಇನ್ನೊಂದು ಹಾಕಿದ್ರು. ಅನ್ನಕ್ಕೂ ಸಾರು ಹಾಕ್ಕೊಂಡೆ. ಮಜ್ಜಿಗೆ ಕುಡಿದೆ. ಅವರಿಬ್ಬರೂ ತಟ್ಟೆ ಮುಂದೆ ಸುಮ್ಮನೆ ಕೂತು ನನ್ನನ್ನೇ ನೋಡ್ತಿದ್ರು. "ಸಾಕಾ? ಹೊಟ್ಟೆ ತುಂಬಿತಾ? ಇನ್ನೊಂದು ತುತ್ತು?" ಅಂತ ಆಂಟಿ ಮತ್ತೆ ಮತ್ತೆ ಕೇಳಿದ್ರು. ನಮ್ಮಲ್ಲಿ ಅದೊಂದು ಪದ್ಧತಿ ಇದೆಯಲ್ಲ, ಸಾವಿನ ಸುದ್ದಿ ಹೇಳೋದಕ್ಕೆ ಮುಂಚೆ ಊಟ ಹಾಕೋದು. ಹೇಳಿದ ಮೇಲೆ ಅನ್ನ ಇಳಿಯಲ್ಲ, ಅದಕ್ಕೆ. ನಾನು ಕೈ ತೊಳೆದು ಬಂದೆ. ಆಂಟಿ ನನ್ನ ಎರಡೂ ಕೈ ಹಿಡ್ಕೊಂಡ್ರು.

"ಮಂಜು, ಗಟ್ಟಿ ಮನಸ್ಸು ಮಾಡ್ಕೋಬೇಕು ಮಗಳೇ. ಅಪ್ಪ ಇಲ್ಲ."

ಇಲ್ಲ ಅಂದ್ರೆ ಏನು ಅಂತ ಕೇಳಿದೆ. ಎಲ್ಲಿಗೆ ಹೋಗಿದಾರೆ ಅಂತಲೂ ಕೇಳಿದೆನಂತೆ. ಶಬಾನಾ ಬಂದು ತಬ್ಬಿಕೊಂಡು, "ಹೋದ ವಾರದ ಹಿಂದಿನ ಗುರುವಾರ ಕಣೇ" ಅಂತ ಅಳೋಕೆ ಶುರು ಮಾಡಿದಳು. ಆಮೇಲೆ ನನಗೆ ಅರ್ಥ ಆಯ್ತು. ಆ ಗುರುವಾರದಿಂದ ಈಚೆಗೆ ನಾನು ಮಾಡಿದ್ದೆಲ್ಲ ಒಂದೊಂದಾಗಿ ಕಣ್ಮುಂದೆ ಬಂತು. ಸಿನಿಮಾ ನೋಡಿ ನಕ್ಕಿದ್ದು, ದೇವಸ್ಥಾನಕ್ಕೆ ಹೋಗಿ ಅರ್ಚನೆ ಮಾಡಿಸಿದ್ದು, ಈಗ ತಾನೇ ಎರಡು ಮುದ್ದೆ ತಿಂದಿದ್ದು. ಬಾತ್‌ರೂಮಲ್ಲಿ ಬಿಸಿನೀರು, ಟವೆಲ್ಲು, ಒಂದು ಹಳೇ ಸೀರೆ ಎಲ್ಲ ತಯಾರಾಗಿತ್ತು. ಆಂಟಿ ನನ್ನನ್ನ ಉಟ್ಟ ಬಟ್ಟೆಯಲ್ಲೇ ನಿಲ್ಲಿಸಿ ತಲೆ ಮೇಲೆ ನೀರು ಹಾಕಿದ್ರು. ತಿಂದಿದ್ದೆಲ್ಲ ವಾಂತಿ ಆಗೋಯ್ತು. ಹೊರಗೆ ಆಲಿಕಲ್ಲು ಬೀಳ್ತಿತ್ತು, ಮನೆಯ ತಗಡಿನ ಮೇಲೆ ಆ ಸದ್ದಿಗೆ ನಾನು ಅತ್ತದ್ದು ನನಗೇ ಕೇಳಿಸಲಿಲ್ಲ.

ಮಣ್ಣು ಆಗಿತ್ತು, ಹಾಲು ತುಪ್ಪ ಆಗಿತ್ತು, ತಿಥಿ ಕೂಡ ಹಿಂದಿನ ದಿನ ಮುಗಿದಿತ್ತು. ಗುರುವಾರವೇ ಹೇಳಿದ್ದಿದ್ರೆ ಅಪ್ಪನ ಮುಖ ಸಿಗ್ತಿತ್ತೋ ಇಲ್ಲವೋ, ಹಾಲು ತುಪ್ಪಕ್ಕೆ ಸಿಗ್ತಿದ್ದೆ, ತಿಥಿಗಂತೂ ಖಂಡಿತ ಸಿಗ್ತಿದ್ದೆ. ಊರಿಗೆ ಊರೇ ಬಂದು ಒಂದೊಂದು ಹಿಡಿ ಮಣ್ಣು ಹಾಕಿ ಹೋಯ್ತಂತೆ. ಒಬ್ಬಳೇ ಮಗಳು ನಾನು, ನನ್ನ ಹಿಡಿ ಬೀಳಲಿಲ್ಲ. ಚಿಕ್ಕಮ್ಮ ಫೋನಲ್ಲಿ ಅಳ್ತಾ ಹೇಳಿದ್ರು, ನಾನು ವಿಡಿಯೋ ಕಾಲ್ ಮಾಡ್ತಾ ಇದ್ದದ್ದು ತಿಥಿ ದಿನ ಅಂತ. ಅಷ್ಟೊತ್ತಿಗೆ ಅಮ್ಮನ ಬಳೆ ಒಡೆದು, ಕುಂಕುಮ ಒರೆಸಿ ಆಗಿತ್ತಂತೆ. ಫೋನ್ ಬಡ್ಕೊಳ್ತಿದ್ದ ಹಾಗೆ ಅಮ್ಮ ಎದ್ದು ಹೋಗಿ, ದೇವರ ಮನೆಯಿಂದ ಕುಂಕುಮ ತಂದು ಹಣೆಗೆ ಬಳ್ಕೊಂಡಳಂತೆ. ಹೆಂಗಸರೆಲ್ಲ ಹೌಹಾರಿ, ಏನೇ ಇದು ಅನಿಷ್ಟ ಅಂತ ಕೈ ಹಿಡಿದ್ರೆ, ಕೊಸರಿಕೊಂಡು ಹಿತ್ತಲಿಗೆ ಹೋದಳಂತೆ. ಅಯ್ಯೋ ದೇವರೇ, ನಾನು ಅವಳನ್ನ ದೇವಿ ಥರ ಕಾಣ್ತಿದೀಯ ಅಂದಿದ್ದೆ!

ಊರಿಗೆ ಹೊರಟೆ, ಅಮ್ಮನೇ ಬೇಡ ಅಂದಳು. "ಈಗ ಬಂದು ಏನು ನೋಡ್ತೀಯ?" ಅಂದಳು. ಕಾಲೇಜಿನ ವೀಸಾ ಮುಗಿದು ಯೂನಿವರ್ಸಿಟಿ ವೀಸಾ ಬರಬೇಕಿತ್ತು, ಆ ಮಧ್ಯದಲ್ಲಿ ದೇಶ ಬಿಟ್ಟು ಹೋಗೋಕೆ ಧೈರ್ಯ ಆಗಲಿಲ್ಲ. ಬ್ಯಾಡ್ಜು, ಬೀಗದ ಕೈ ವಾಪಸ್ ಕೊಡೋಕೆ ಕಾಲೇಜಿಗೆ ಹೋದಾಗ ಗ್ಲೆನಿಸ್ ಮೇಡಂ ಎದುರಿಗೆ ಸಿಕ್ಕಿದ್ರು. ಯಾಕೆ ಹೀಗಾಗಿದೀಯ ಅಂದ್ರು. ಹೇಳಿದೆ. ಅವರಿಗೆ ನಂಬೋಕೇ ಆಗಲಿಲ್ಲ.

"ಪರೀಕ್ಷೆಗೋಸ್ಕರನಾ?" ಅಂದ್ರು. "ಒಂದು ಇಮೇಲ್ ಹಾಕಿದ್ರೆ ಸಾಕಿತ್ತಲ್ಲೇ ಹುಡುಗಿ. ನೀನು ಊರಿಂದ ವಾಪಸ್ ಬಂದ ಮೇಲೆ ಇಟ್ಕೊಡ್ತಿದ್ದೆ. ಅಡಿಲೇಡಿನವರಿಗೂ ನಾನೇ ಹೇಳ್ತಿದ್ದೆ. ಮನೇಲಿ ಸಾವಾದ್ರೆ ಇಲ್ಲಿ ಎಲ್ಲರಿಗೂ ಹಾಗೇ ಮಾಡೋದು."

ನಮ್ಮವರ ತಲೇಲಿ ಇದ್ದದ್ದು ನಮ್ಮೂರಿನ ಪರೀಕ್ಷೆ. ಹಾಲ್ ಟಿಕೆಟ್ಟು, ಗಂಟೆ ಬಾರಿಸಿದ ಮೇಲೆ ಮುಚ್ಚೋ ಗೇಟು, ಒಂದು ಪೇಪರ್ ಹೋಯ್ತು ಅಂದ್ರೆ ವರ್ಷ ಹೋಯ್ತು ಅನ್ನೋ ಭಯ. ಆ ಭಯಾನ ಸಮುದ್ರ ದಾಟಿಸಿ ತಂದು, ಗೇಟೇ ಇಲ್ಲದ ಕಡೆ ನನ್ನನ್ನ ಕೂಡಿಹಾಕಿದ್ರು. ಟ್ರೈನಲ್ಲಿ ಕೂತು ನಾನು ಅಳಲಿಲ್ಲ, ಕೋಪ ಬಂತು. ಇಷ್ಟು ಕೋಪ ನನ್ನೊಳಗೆ ಇದೆ ಅಂತ ನನಗೇ ಗೊತ್ತಿರಲಿಲ್ಲ. ರೂಮಿಗೆ ಹೋಗಿ ಶಬಾನಾ ಮೇಲೆ ಎಗರಿದೆ. ನಿನಗೆ ಗೊತ್ತಿತ್ತಲ್ವೇನೇ, ಇಲ್ಲಿ ಹೀಗೆ ಮಾಡ್ತಾರೆ ಅಂತ? ಅವಳು, "ಹೇಳಬೇಡ ಅಂತ ನಿಮ್ಮನೆಯವರು ಆಣೆ ಹಾಕಿಸ್ಕೊಂಡ್ರು ಮಂಜು, ನಾನೇನು ಮಾಡ್ಲಿ" ಅಂತ ಬಿಕ್ಕಿದಳು. ಅವಳ ಜೊತೆ ಸರಿಯಾಗಿ ಮಾತಾಡದೇನೇ ಬ್ರಿಸ್ಬೇನ್ ಬಿಟ್ಟೆ.

ಅಡಿಲೇಡಿಗೆ ಫೆಬ್ರವರಿಯಲ್ಲಿ ಹೋಗಿ ಇಳಿದೆ. ಒಣ ಬಿಸಿಲು, ಹುಲ್ಲೆಲ್ಲ ಸುಟ್ಟು ಹಳದಿ. ಮಳೆ ಅನ್ನೋದು ತಿಂಗಳುಗಟ್ಟಲೆ ಇಲ್ಲ. ಅಷ್ಟು ಆಸೆಪಟ್ಟ ಯೂನಿವರ್ಸಿಟಿ, ದೊಡ್ಡ ದೊಡ್ಡ ಕಲ್ಲಿನ ಕಟ್ಟಡ, ಲೈಬ್ರರಿ, ಹುಲ್ಲು ಹಾಸಿನ ಮೇಲೆ ಬಿದ್ಕೊಂಡು ಓದೋ ಹುಡುಗರು. ನನಗೆ ಯಾವುದೂ ಒಳಗೆ ಇಳೀಲಿಲ್ಲ. ಮೊದಲ ವರ್ಷದಿಂದ ಜೊತೆಗಿದ್ದೋರೆಲ್ಲ ಅಷ್ಟೊತ್ತಿಗೆ ಗುಂಪು ಕಟ್ಕೊಂಡಿದ್ರು. ಕಾಲೇಜಿಂದ ಮಧ್ಯದಲ್ಲಿ ಬಂದು ಸೇರಿದ ನಮ್ಮಂಥೋರು ಹಿಂದಿನ ಸಾಲು. ರೋಗಿ ಮುಟ್ಟೋದು, ಹಾಸಿಗೆ ಬದಲಾಯಿಸೋದು, ಅದೆಲ್ಲ ನನಗೆ ನೀರು ಕುಡಿದ ಹಾಗೆ. ಪ್ರಬಂಧ ಬರೀ ಅಂದ್ರೆ ಕೈ ಕಟ್ಟಿಹೋಗೋದು. ಮಧ್ಯಾಹ್ನ ಪಾರ್ಕಿನ ಬೆಂಚಲ್ಲಿ ಒಬ್ಬಳೇ ಚಿತ್ರಾನ್ನ ತಿಂದು ಮುಗಿಸ್ತಿದ್ದೆ. ಅಪ್ಪ ಸತ್ತಿದಾರೆ ಅಂತ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ. ಎಲ್ಲರಿಗೂ ಗೊತ್ತಿದ್ದು ನನಗೆ ಗೊತ್ತಿಲ್ಲದ ಊರಿಂದ, ಯಾರಿಗೂ ಗೊತ್ತಿಲ್ಲದ ಊರಿಗೆ ಬಂದಿದ್ದೆ.

ಅಮ್ಮನಿಗೆ ಫೋನ್ ಮಾಡೋದು ಕಮ್ಮಿ ಮಾಡಿದೆ. ಮಾಡಿದ್ರೂ ಕಟ್ ಕಟ್ ಅಂತ ನಾಲ್ಕು ಮಾತು. ಅವಳು ಏನು ಅಡುಗೆ ಅಂತ ಕೇಳೋಳು, ಹೇಳಿ ಇಡ್ತಿದ್ದೆ. ಗ್ಲೆನಿಸ್ ಮೇಡಂ ಹೇಳಿದ್ದನ್ನ ಮಾತ್ರ ಅವಳಿಗೆ ಹೇಳಿರಲಿಲ್ಲ. ಹೇಳಿದ್ರೆ ಸತ್ತೇ ಹೋಗ್ತಾಳೆ ಅನ್ನೋ ಹೆದರಿಕೆ ಒಂದು ಕಡೆ, ಹೇಳಿಬಿಡಬೇಕು, ಗೊತ್ತಾಗಲಿ ಅವಳಿಗೆ ಅನ್ನೋ ಹಟ ಇನ್ನೊಂದು ಕಡೆ. ವರ್ಷ ಪೂರ್ತಿ ಅದನ್ನ ಬಾಯೊಳಗೇ ಇಟ್ಕೊಂಡು ತಿರುಗಿದೆ.

ನವೆಂಬರ್ ಬಂತು. ಅಪ್ಪನ ವರ್ಷದ ತಿಥಿ ಸರಿಯಾಗಿ ನನ್ನ ಪರೀಕ್ಷೆ ವಾರದಲ್ಲೇ ಬಿತ್ತು. ಈ ಸಲ ನಾನು ಯಾರನ್ನೂ ಕೇಳಲಿಲ್ಲ. ತಂದೆಯ ವಾರ್ಷಿಕ ಕರ್ಮಕ್ಕೆ ಊರಿಗೆ ಹೋಗಬೇಕು, ಪರೀಕ್ಷೆ ಮುಂದಕ್ಕೆ ಹಾಕಿಕೊಡಿ ಅಂತ ಯೂನಿವರ್ಸಿಟಿಗೆ ಬರೆದೆ. ಮಾರನೇ ದಿನವೇ ಆಗಲಿ ಅಂತ ಉತ್ತರ ಬಂತು. ಟ್ರಾಮಿಗೆ ಕಾಯ್ತಾ ಅದನ್ನ ಎರಡೆರಡು ಸಲ ಓದಿದೆ. ಅಲ್ಲಿಂದಲೇ ಅಮ್ಮನಿಗೆ ಫೋನ್ ಮಾಡಿದೆ.

"ತಿಥಿಗೆ ಬರ್ತಿದೀನಿ" ಅಂದೆ.

"ಪರೀಕ್ಷೆ ಇತ್ತಲ್ಲೇ?"

ಅಷ್ಟು ಸಾಕಾಯ್ತು ನನಗೆ. "ಮುಂದಕ್ಕೆ ಹಾಕಿಸ್ಕೊಂಡೆ" ಅಂದೆ. "ಒಂದು ಇಮೇಲ್ ಬರೆದೆ, ಹಾಕಿದ್ರು. ಅಷ್ಟೇ ಇದ್ದದ್ದಮ್ಮ. ಹೋದ ವರ್ಷಾನೂ ಅಷ್ಟೇ ಇತ್ತು. ಹೇಳಿದ್ರೆ ಮೇಡಂ ಆಗಲೂ ಮುಂದಕ್ಕೆ ಹಾಕ್ತಿದ್ರಂತೆ. ನನ್ನಪ್ಪನಿಗೆ ಒಂದು ಹಿಡಿ ಮಣ್ಣು ಹಾಕದ ಹಾಗೆ ಮಾಡಿದ್ರಲ್ಲ ನೀವೆಲ್ಲ ಸೇರಿ, ಏನಕ್ಕೂ ಅಲ್ಲ, ಸುಮ್ಮಸುಮ್ಮನೆ." ಸ್ಟಾಪಿನಲ್ಲಿದ್ದ ಜನ ತಿರುಗಿ ನೋಡೋ ಹಾಗೆ ಕೂಗ್ತಿದ್ದೆ.

ಫೋನ್ ಕಟ್ ಆಯ್ತೇನೋ ಅಂತ ನೋಡ್ಕೊಂಡೆ.

"ಗೊತ್ತಿತ್ತು ಕಣೇ" ಅಂದಳು ಅಮ್ಮ.

"ಏನು ಗೊತ್ತಿತ್ತು?"

"ಶಬಾನಾ ಹೇಳಿದ್ದಳು. ಅಪ್ಪ ಹೋದ ಮಾರನೇ ದಿನವೇ ನನಗೆ ಫೋನ್ ಮಾಡಿದ್ದಳು ಆ ಹುಡುಗಿ. ಆಂಟಿ, ಇಲ್ಲಿ ಪರೀಕ್ಷೆ ಮುಂದಕ್ಕೆ ಹಾಕ್ತಾರೆ, ಹೇಳಿ ಕಳಿಸ್ಬಿಡೋಣ ಅಂತ ಗೋಗರೆದಳು. ನಾನೇ ಬೇಡ ಅಂದೆ. ನಾನೇ ಆಣೆ ಹಾಕಿಸ್ಕೊಂಡೆ. ನಿಮ್ಮ ಚಿಕ್ಕಪ್ಪನಿಗೂ ಗೊತ್ತಿಲ್ಲ ಇದು."

"ಮತ್ಯಾಕೆ?" ಅಂದೆ.

"ಪರೀಕ್ಷೆಗೋಸ್ಕರ ಅಲ್ಲ ಮಂಜು. ಮನೆ ತುಂಬ ಜನ ಇದ್ರು. ಯಾರನ್ನ ನೋಡಿದ್ರೂ ಅವರು ಹೋದ್ರು ಅನ್ನೋ ಮುಖಾನೇ. ಸಂಜೆ ನೀನು ಫೋನ್ ಮಾಡ್ತಿದ್ದೆ. ಅಪ್ಪ ಊಟ ಮಾಡಿದ್ರಾ ಅಂತಿದ್ದೆ. ನಾನು ಹೂಂ, ಮಾಡಿದ್ರು ಅಂತಿದ್ದೆ. ಬಿಪಿ ಮಾತ್ರೆ ತಗೊಂಡ್ರಾ ಅಂತಿದ್ದೆ. ತಗೊಂಡು ಈಗ ತಾನೇ ಅಂಗಡಿಗೆ ಹೋದ್ರು ಅಂತಿದ್ದೆ. ಇಡೀ ಪ್ರಪಂಚದಲ್ಲಿ ನಿನ್ನೊಬ್ಬಳ ಹತ್ರ ಅವರು ಇನ್ನೂ ಇದ್ರು. ನಿನಗೂ ಹೇಳಿಬಿಟ್ಟಿದ್ರೆ ಎಲ್ಲೂ ಇರ್ತಿರಲಿಲ್ಲ. ತಪ್ಪು ಅಂತ ಗೊತ್ತು. ನಾಳೆ ಹೇಳ್ತೀನಿ, ನಾಳೆ ಹೇಳ್ತೀನಿ ಅಂದ್ಕೊಂಡೆ. ಆಗಲಿಲ್ಲ ಕಣೇ ನನ್ನ ಕೈಲಿ."

ಟ್ರಾಮ್ ಬಂದು ನಿಂತು, ಬಾಗಿಲು ಹಾಕ್ಕೊಂಡು ಹೋಯ್ತು. ನಾನು ಹತ್ತಲಿಲ್ಲ. ವರ್ಷವಿಡೀ ಚಿಕ್ಕಪ್ಪನ್ನ ಬೈಕೊಂಡಿದ್ದೆ, ಶಬಾನಾನ ಬೈಕೊಂಡಿದ್ದೆ, ಊರನ್ನ, ಪರೀಕ್ಷೆನ, ನಮ್ಮ ಜನರ ಬುದ್ಧೀನ ಬೈಕೊಂಡಿದ್ದೆ. ಆ ಬೈಗುಳದ ಆಸರೇಲೇ ಅಷ್ಟು ದಿನ ಎದ್ದು ಓಡಾಡಿದ್ದೆ ಅಂತ ಆ ಹೊತ್ತಿಗೆ ತಿಳೀತು. ಅಮ್ಮ ಆ ಕಡೆಯಿಂದ, "ಬೈಯೇ, ಏನಾದ್ರೂ ಅನ್ನೇ" ಅಂತಿದ್ದಳು. ಬೈಯೋಕೆ ನನಗೆ ಯಾರೂ ಉಳಿದಿರಲಿಲ್ಲ.